ಅಟ್ಟದ ಮ್ಯಾಲಿನ ಗಿಟಾರ್ ಆಂಪ್: ವಾಲ್ವ್ ಅಲ್ರೀ, ಪೈಲೇ ಕೆಪ್ಯಾಸಿಟರ್ ನೋಡ್ರಿ

ಪ್ರಶ್ನೆ: ನಮ್ ಕಾಕಾ ಹಿಂದ ಹೈದರಾಬಾದ್‌ದಾಗ ಆರ್ಕೆಸ್ಟ್ರಾಕ್ಕ ಗಿಟಾರ್ ಬಾರಸ್ತಿದ್ರು. ಅವರ ಹಳೀ ಫೆಂಡರ್ ಡಿಲಕ್ಸ್ ರಿವರ್ಬ್ ಆಂಪ್ (ಗಿಟಾರ್ ಸದ್ದು ದೊಡ್ಡದ ಮಾಡೋ ಪೆಟ್ಟಿಗಿ) ಭಾಳ ವರ್ಷದಿಂದ ಅಟ್ಟದ ಮ್ಯಾಲೇ ಬಿದ್ದದ. ಟಿವಿ ರಿಪೇರಿಯವ್ರು ನೋಡಿ, ಒಳಗಿನ ವಾಲ್ವ್, ಅಂದ್ರ ಬಲ್ಬಿನಂಥಾ ಗಾಜಿನ ಕೊಳವಿ, ಪೂರಾ ಸೆಟ್ ಬದ್ಲಿ ಮಾಡ್ರಿ ಅಂದ್ರು. ಒಮ್ಮೆ ಸ್ವಿಚ್ ಹಾಕಿ ನೋಡ್ಲೇನ್ರಿ?
– ಓದುಗರು, ಬ್ರಹ್ಮಪುರ, ಕಲಬುರಗಿ

ಉತ್ತರ: ಬಿಲ್ಕುಲ್ ಹಾಕ್ಬ್ಯಾಡ್ರಿ! ಹಿಂದಿನ ಪ್ಲೇಟ್ ಓದ್ರಿ, ಅಮೆರಿಕಾದ್ದಾದ್ರ 117 ಇಲ್ಲಾ 120 ವೋಲ್ಟ್ ಅಂತ ಇರ್ತದ, ನಮ್ ಮನಿ ಕರೆಂಟ್ 230, ಸೀದಾ ಹಚ್ಚಿದಾಗ ಫ್ಯೂಸ್ ಹಾರಿದ್ರ ನಿಮ್ ಪುಣ್ಯ, ಇಲ್ಲಾಂದ್ರ ಟ್ರಾನ್ಸ್‌ಫಾರ್ಮರ್ ಸುಟ್ಟು ಮನಿ ತುಂಬ ವಾಸನಿ. ವೋಲ್ಟ್ ಇಳಿಸೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, 300 ವಿಎ (ವೋಲ್ಟ್-ಆಂಪಿಯರ್) ತಾಕತ್ತಿಂದು ತಗೋರಿ. 60 ಹರ್ಟ್ಸ್‌ಗೆ ಮಾಡಿದ್ದು ನಮ್ 50 ಹರ್ಟ್ಸ್ ಮ್ಯಾಲ ಜರಾ ಹೆಚ್ಚೇ ಬಿಸಿ ಆಗ್ತದ, ಅದ್ರಾಗ ಕಲಬುರಗಿ ಬ್ಯಾಸಗಿ ಬ್ಯಾರೆ, ಹಿಂದ ಗಾಳಿ ಆಡಂಗ ಇಡ್ರಿ.

ವಾಲ್ವ್ ಸುಮ್ನ ಕೂತ್ರ ಅವಕ್ಕೇನೂ ಆಗಲ್ರಿ. ಕೆಡೋದು ಕರೆಂಟ್ ಕೂಡಿಟ್ಟುಕೊಳ್ಳೋ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್, ಒಳಗಿನ ಹಸಿ ಒಣಗಿ ಹೋಗ್ತದ. ಚಾಸಿ (ಒಳಗಿನ ಲೋಹದ ಚೌಕಟ್ಟು) ಮ್ಯಾಲ ತಗಡಿನ ಮುಚ್ಚಳ ಅದಲ್ಲ, ಅದರ ಕೆಳಗ ಸಾಲಾಗಿ ಮಲಗಿರ್ತಾವ, ಮೂತಿ ಉಬ್ಬಿದ್ರ ಇಲ್ಲಾ ಕಂದು ಅಂಟು ಸೋರಿದ್ರ ಅವುಗಳ ಕತಿ ಮುಗೀತು, ಛಲೋ ಕಂಡ್ರೂ ಇಷ್ಟ್ ಹಳೇವನ್ನ ನಾ ಅಂತೂ ಬಿಡಲ್ಲ, ಎಲ್ಲಾ ಬದ್ಲಿ ಮಾಡ್ತೀನಿ. 16 ಮೈಕ್ರೋಫ್ಯಾರಡ್ (ಕೆಪ್ಯಾಸಿಟರ್ ಅಳತಿ) ಇದ್ದಲ್ಲಿ 22 ನಡೀತದ, ವೋಲ್ಟ್ ಮಾತ್ರ ಇದ್ದದ್ದಕ್ಕಿಂತ ಕಡಿಮಿ ಆಗ್ಬಾರ್ದು. ಜಾಸ್ತಿ ಇದ್ರ ಛಲೋ ಅಂತ 100 ಹಾಕೋ ಮಂದಿನೂ ಅವ್ರ, ಅದರಿಂದ ಎಸಿ ಕರೆಂಟ್ ಡಿಸಿ ಮಾಡೋ ರೆಕ್ಟಿಫೈಯರ್ ವಾಲ್ವ್ ಸಾಯ್ತದ.

ಆದ್ರ ಕೈ ಹಾಕೂಕಿಂತ ಮದ್ಲ ಇದು ತಿಳ್ಕೋರಿ, ಪ್ಲಗ್ ಕಿತ್ತಿದ ಮ್ಯಾಲೂ ಒಳಗ 400 ವೋಲ್ಟ್ ಮ್ಯಾಲೇ ಕೂತಿರ್ತದ, ಜೀವ ತೆಗಿಯೋ ಕರೆಂಟ್ ಅದು. ಸ್ಕ್ರೂಡ್ರೈವರ್‌ಲೇ ಚಟ್ ಅನ್ಸೋದು ಉಸ್ತಾದಿ ಅಲ್ಲ, 10ಕೆ (10 ಸಾವಿರ ಓಮ್) 5 ವ್ಯಾಟ್ ರೆಸಿಸ್ಟರ್‌ಗೆ ಕ್ಲಿಪ್ ವೈರ್ ಹಚ್ಚಿ ನಿಧಾನ ಇಳಿಸ್ರಿ, ಮೀಟರ್ ಸೊನ್ನಿ ಹತ್ರ ತೋರ್ಸೋ ತನಕ ಮುಟ್ಬ್ಯಾಡ್ರಿ. ಇದು ರೂಢಿ ಇಲ್ಲಾಂದ್ರ ವಾಲ್ವ್ ಕೆಲಸ ಬಲ್ಲವ್ರ ಕೈಲಿ ಕೊಡ್ರಿ, ನಾಚಿಕಿ ಏನದ ಅದ್ರಾಗ.

ವೈರ್ ಎರಡೇ ಪಿನ್ನಿಂದು ಇದ್ರ ಮೂರು ಪಿನ್ನಿಂದು ಹಾಕಿಸಿ, ಅರ್ಥಿಂಗ್ ಚಾಸಿಗೆ ಗಟ್ಟಿ ಬೋಲ್ಟ್ ಮಾಡಿಸ್ರಿ. ಸ್ಟೆಪ್‌ಡೌನ್‌ದಾಗ ಅರ್ಥ್ ಸಾಗಿ ಬರ್ತದೋ ಇಲ್ಲೋ ಅದನ್ನೂ ನೋಡ್ರಿ. ಲೈನಿಂದ ಚಾಸಿಗೆ ಒಂದು ಕೆಪ್ಯಾಸಿಟರ್ ಇರ್ತದ, ಅದು ಶಾರ್ಟ್ ಆದ್ರ ಗಿಟಾರ್ ತಂತಿಗೇ ಕರೆಂಟ್, ಮೈಕಿಗೆ ತುಟಿ ತಾಕಿದ್ರ ಮುಗೀತು. ಆ ಕೆಪ್ಯಾಸಿಟರ್ ಕಿತ್ತಿ ಒಗೀರಿ. ಹಳೀ ಸಾಮಾನು ಒರಿಜಿನಲ್ಲೇ ಇರ್ಬೇಕು ಅನ್ನೋರ ಮಾತು ಟ್ರಾನ್ಸ್‌ಫಾರ್ಮರ್‌ಗೂ ಸ್ಪೀಕರ್‌ಗೂ ಸರಿ, ಇದಕ್ಕ ಅಲ್ಲ.

ಇಷ್ಟಾದ ಮ್ಯಾಲ ಸ್ಪೀಕರ್ ಹಚ್ಚೇ, ಸ್ಟೆಪ್‌ಡೌನ್‌ಗೂ ಮದ್ಲ 100 ವ್ಯಾಟ್ ಸೀರೀಸ್ ಬಲ್ಬ್ (ಕರೆಂಟ್ ಅದರ ಮೂಲಕನೇ ಆಂಪ್‌ಗೆ ಹೋಗಂಗ) ಇಟ್ಟು ಸ್ವಿಚ್ ಹಾಕ್ರಿ, ಎಲ್‌ಇಡಿ ಅಲ್ಲ, ಹಳೀ ತಂತಿ ಬಲ್ಬೇ. ಫಕ್ ಅಂತ ಹತ್ತಿ ಮಬ್ಬಾದ್ರ ಛಲೋ, ಝಗಝಗ ಹಂಗೇ ಉರದ್ರ ಒಳಗ ಶಾರ್ಟ್ ಅದ.

ಪ್ರಶ್ನೆ: ಕೆಪ್ಯಾಸಿಟರ್ ಬದ್ಲಿ ಆಗ್ಯಾವ, ಆದ್ರೂ ನಮ್ ವಾಲ್ವ್ ಆಂಪ್ ಗುಂಯ್ ಅಂತದ, ವಾಲ್ಯೂಮ್ ತಿರುವಿದ್ರ ಚರಚರ. ಸೀಮೆಎಣ್ಣಿ ಬಿಡ್ಲಾ?
– ಓದುಗರು, ಹುಮನಾಬಾದ್

ಉತ್ತರ: ಸೀಮೆಎಣ್ಣಿ ಸ್ಟೋವ್‌ಗೆ ಇರ್ಲಿ! ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಎರಡು ಹನಿ ಬಿಟ್ಟು ಗುಬಟಿ ಆಕಡಿ ಈಕಡಿ ತಿರುವ್ರಿ, ಚರಚರ ಹೋಗ್ತದ. ಗುಂಯ್‌ಗೆ ವಾಲ್ಯೂಮ್ ಸೊನ್ನಿ ಮಾಡಿ ಕೇಳ್ರಿ. ಆಗೂ ಅಷ್ಟೇ ಇದ್ರ ಪವರ್ ಸಪ್ಲೈ ಇಲ್ಲಾ ಔಟ್‌ಪುಟ್ ಕಡಿ ತಕರಾರು, ಕಡಿಮಿ ಆದ್ರ ಗಿಟಾರ್ ಸದ್ದು ಮದ್ಲ ಹೋಗೋ ಸಣ್ಣ ವಾಲ್ವ್ ಇಲ್ಲಾ ಗಿಟಾರ್ ವೈರ್. ಆ ವಾಲ್ವ್‌ಗಳನ್ನ ಪೆನ್ಸಿಲ್‌ಲೇ ಮೆಲ್ಲಕ ತಟ್ರಿ, ಯಾವುದು ಠಣ್ ಅಂತ ಸ್ಪೀಕರ್‌ದಾಗ ಕೇಳಸ್ತದೋ ಅದನ್ನೊಂದೇ ಬದ್ಲಿ ಮಾಡ್ರಿ.

ಪ್ರಶ್ನೆ: ವಾಲ್ವ್ ಈಗ ಸಿಗ್ತಾವೇನ್ರಿ?
– ಓದುಗರು, ಯಾದಗಿರಿ

ಉತ್ತರ: ಸಿಗ್ತಾವ. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಾರ್ಖಾನಿದಾಗ 1961ರಿಂದ ರೇಡಿಯೋ ವಾಲ್ವ್ ಮಾಡ್ತಿದ್ರು, ಹಳೀ ಸ್ಟಾಕ್ ಇನ್ನೂ ಅಲ್ಲಲ್ಲಿ ಬರ್ತದ, ಹೈದರಾಬಾದ್ ಕೋಠಿಯ ಗುಜರಾತಿ ಗಲ್ಲಿದಾಗ ಕೇಳಿ ನೋಡ್ರಿ, ನಿಮಗ ಅದೇ ಹತ್ರ. ಹೊಸಾವು ಬೇಕಂದ್ರ ಸ್ಲೊವಾಕಿಯಾದ ಜೆಜೆ ಕಂಪನಿದು ಆನ್‌ಲೈನ್‌ದಾಗ ತರಿಸ್ಬಹುದು. ಸಣ್ಣ ವಾಲ್ವ್ 12ಎಎಕ್ಸ್7 ಕಿತ್ತಿ ಹಾಕೂದೇ, ಔಟ್‌ಪುಟ್ ವಾಲ್ವ್ 6ವಿ6 ಮಾತ್ರ ಮ್ಯಾಚ್ ಮಾಡಿದ ಜೋಡಿನೇ ತಗೊಂಡು, ಹಾಕಿದ ಮ್ಯಾಲ ಬಯಾಸ್ (ವಾಲ್ವ್ ಎಷ್ಟು ಕರೆಂಟ್ ಎಳೀಬೇಕು ಅನ್ನೋದು) ಸೆಟ್ ಮಾಡಿಸ್ರಿ.