ಹಿಂಭಾಗ ಕೂರುತ್ತಿದ್ದರೆ ಮೊದಲು ಸ್ಪ್ರಿಂಗ್ ನೋಡಿ

ಸಾಮಾನು ತುಂಬಿದಾಗ ನಿಮ್ಮ ಹಳೆಯ ಎಸ್‌ಯುವಿಯ ಹಿಂಭಾಗ ಕೂರುತ್ತದೆ, ಗಟ್ಟಿ ಶಾಕ್ (ಶಾಕ್ ಅಬ್ಸಾರ್ಬರ್) ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಭಾರ ಹೊರುವುದು ಸ್ಪ್ರಿಂಗ್. ಅದರ ಕುಣಿತ ತಡೆಯುವುದಷ್ಟೇ ಶಾಕ್ ಕೆಲಸ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಅಳೆಯಿರಿ. ಸಾಮಾನು ತುಂಬಿ ಮತ್ತೆ ಅಳೆಯಿರಿ. ಖಾಲಿ ಇದ್ದಾಗಲೇ ಕಂಪನಿ ಕೊಟ್ಟ ಎತ್ತರಕ್ಕಿಂತ ಕೆಳಗಿದ್ದರೆ ಸ್ಪ್ರಿಂಗ್ ಸೋತಿದೆ. ಹೊಸದನ್ನು ಆರಿಸುವಾಗ ಯಾವಾಗಲೂ ಇರುವ ಭಾರವನ್ನು ಲೆಕ್ಕ ಹಾಕಿ, ಅಪರೂಪಕ್ಕೆ ಹೊರುವುದನ್ನಲ್ಲ. 200 ಕೆ.ಜಿ. ಹೆಚ್ಚುವರಿ ಭಾರಕ್ಕೆಂದು ಮಾಡಿದ ಸ್ಪ್ರಿಂಗ್ ಖಾಲಿ ಗಾಡಿಯಲ್ಲಿ ಸುಮ್ನೆ ಕುಕ್ಕುತ್ತದೆ. ಹಾಳಾದ ರಸ್ತೆಯಲ್ಲಿ ಹಿಡಿತವೂ ಕಡಿಮೆ.

ಶಾಕ್ ಆ ಸ್ಪ್ರಿಂಗ್‌ಗೆ ಹೊಂದುವಂಥದ್ದೇ ಇರಲಿ. 50 ಮಿ.ಮೀ. ಎತ್ತರಿಸಿದರೆ ಉದ್ದದ ಶಾಕ್ ಬೇಕಾಗಬಹುದು. ಬ್ರೇಕ್ ಹೋಸ್, ಅಂದರೆ ಚಕ್ರದ ಬ್ರೇಕಿಗೆ ಹೋಗುವ ರಬ್ಬರ್ ಕೊಳವೆ, ಎಳೆದುಕೊಳ್ಳುತ್ತದಾ ಎಂದೂ ನೋಡಿ.

ಜಾಸ್ತಿ ಜನ ಮರೆಯುವುದು ಬ್ರೇಕ್ ವಾಲ್ವನ್ನು. ಅನೇಕ ಹಳೆಯ ಗಾಡಿಗಳಲ್ಲಿ ಅದು ಒಂದು ಕಡ್ಡಿಯ ಮೂಲಕ ಹಿಂದಿನ ಆಕ್ಸಲ್‌ಗೆ ಸೇರಿರುತ್ತದೆ. ಗಾಡಿ ಎಷ್ಟು ಕೂತಿದೆ ಎನ್ನುವುದರ ಮೇಲೆ ಹಿಂದಿನ ಬ್ರೇಕಿನ ಒತ್ತಡ ಹೆಚ್ಚು ಕಡಿಮೆ ಮಾಡುತ್ತದೆ. ಹಿಂಭಾಗ ಎತ್ತರವಾದರೆ, ಭಾರವಿದ್ದರೂ ಗಾಡಿ ಖಾಲಿ ಇದ್ದಂತೆ ಅದು ಕೆಲಸ ಮಾಡುತ್ತದೆ. ಆಗ ಹಿಂದಿನ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ದಯವಿಟ್ಟು ಅದನ್ನು ಹೊಂದಿಸದೆ ಓಡಿಸಬೇಡಿ.

ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟನ್ನು ಚಕ್ರ ನೆಲದ ಮೇಲೆ ನಿಂತ ಮೇಲೆಯೇ ಪೂರ್ತಿ ಬಿಗಿ ಮಾಡಿಸಿ. ಗಾಳಿಯಲ್ಲಿ ತೂಗುವಾಗ ಬಿಗಿದರೆ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮತ್ತೆ, ಸ್ಪ್ರಿಂಗ್ ಬದಲಿಸಿದ ಮಾತ್ರಕ್ಕೆ ಗಾಡಿ ಹೊರಬಹುದಾದ ಒಟ್ಟು ಭಾರದ ಮಿತಿ ಹೆಚ್ಚುವುದಿಲ್ಲ.