ವೈಫೈನಲ್ಲಿ ಮಾತ್ರ ತೆರೆಯದ ಸೈಟು
ಮೊಬೈಲ್ ಡೇಟಾದಲ್ಲಿ ತೆರೆಯುವ ಸೈಟು ಮನೆಯ ಫೈಬರ್‌ನಲ್ಲಿ ತೆರೆಯುತ್ತಿಲ್ಲ ಅಂದರೆ, ನಿಮ್ಮ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್‌ನಲ್ಲೇ (ಸೈಟಿನ ಹೆಸರು ಕೇಳಿದರೆ ಅದರ ಐಪಿ ವಿಳಾಸ ಹೇಳುವ ವ್ಯವಸ್ಥೆ) ತಡೆ ಇರಬಹುದು. ಮೊದಲು ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನಲ್ಲಿ 'ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್' (ಡಿಎನ್‌ಎಸ್ ಪ್ರಶ್ನೆಗಳನ್ನು ಬೇರೆಯವರು ಓದಲಾಗದಂತೆ ಕಳಿಸುವ ವಿಧಾನ) ಹುಡುಕಿ, 'ಮ್ಯಾಕ್ಸ್ ಪ್ರೊಟೆಕ್ಷನ್' ಆರಿಸಿ, ಡಿಎನ್‌ಎಸ್ ಸೇವೆಯಾಗಿ ಕ್ಲೌಡ್‌ಫ್ಲೇರ್ ಇಡಿ. ರೌಟರ್‌ನಲ್ಲಿ ಸುಮ್ನೆ ಕ್ಲೌಡ್‌ಫ್ಲೇರ್‌ನ ಡಿಎನ್‌ಎಸ್ ವಿಳಾಸ 1.1.1.1 ಹಾಕಿದರೆ ಸಾಲದು. ಹಾಗೆ ಮಾಡಿದರೆ ಡಿಎನ್‌ಎಸ್ ಪ್ರಶ್ನೆಗಳು ಬಯಲಾಗಿ ಹೋಗುತ್ತವೆ, ಕಂಪನಿ ದಾರಿಯಲ್ಲೇ ಹಿಡಿದು ತನ್ನದೇ ಉತ್ತರ ಕೊಡಬಹುದು.

ಈಗ ಸೈಟು ತೆರೆದರೆ ಕಾರಣ ಸಿಕ್ಕಿತು. 'ಕನೆಕ್ಷನ್ ರೀಸೆಟ್' ಅಂತ ಬಂದರೆ, ಕಂಪನಿ ಸೈಟಿನ ಹೆಸರು ನೋಡಿ ಸಂಪರ್ಕ ಕತ್ತರಿಸುತ್ತಿರಬಹುದು. ಇದೊಂದರಿಂದಲೇ ಖಚಿತವಾಗಿ ಹೇಳಲಾಗದು. ಆಗ ಸೈಟುಗಳಿಗೆ ತಡೆ ಇದೆಯೇ ಎಂದು ಪರೀಕ್ಷಿಸುವ ಊನಿ ಪ್ರೋಬ್ (OONI Probe) ಆ್ಯಪ್‌ನಲ್ಲಿ ಅದೇ ಸೈಟಿನ ವಿಳಾಸ ಕೊಟ್ಟು, ವೈಫೈನಲ್ಲಿ ಒಮ್ಮೆ, ಮೊಬೈಲ್ ಡೇಟಾದಲ್ಲಿ ಒಮ್ಮೆ ಪರೀಕ್ಷಿಸಿ. ಫಲಿತಾಂಶ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ. ಬೇಡವಾದರೆ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿ. ಕಂಪನಿಗೆ ದೂರು ಕೊಡುವಾಗ ಎರಡರ ಸ್ಕ್ರೀನ್‌ಶಾಟ್ ಜೊತೆಗಿಡಿ.