ಗೇಟ್ ಲೈಟಿನ ಸ್ಮಾರ್ಟ್ ಸ್ವಿಚ್: ಹಸಿರು ವೈರ್ ನ್ಯೂಟ್ರಲ್ ಅಲ್ಲ

ವಿದ್ಯಾನಗರದ ಸರ್, ಮೊದಲು ಆ ಗೇಟ್ ಲೈನಿನ ಎಂಸಿಬಿ (ಮೇನ್ ಬೋರ್ಡಿನಲ್ಲಿ ಆ ಲೈನಿನ ಕರೆಂಟ್ ಕತ್ತರಿಸುವ ಸ್ವಿಚ್) ಆಫ್ ಮಾಡಿ, ಆಮೇಲೆ ಇದನ್ನು ಓದಿ. ನಿಮ್ಮ ಫೋಟೋದಲ್ಲಿ ಮಾಡ್ಯೂಲ್‌ನ (ವೈಫೈನಿಂದ ಲೈಟ್ ಆನ್-ಆಫ್ ಮಾಡುವ ಸ್ಮಾರ್ಟ್ ಸ್ವಿಚ್ ಡಬ್ಬಿಯ) ಎನ್ ಟರ್ಮಿನಲ್‌ಗೆ, ಅಂದರೆ ನ್ಯೂಟ್ರಲ್ ಕೊಡಬೇಕಾದ ಜಾಗಕ್ಕೆ, ಹೋಗಿರುವುದು ಹಸಿರು ವೈರ್, ಅಂದರೆ ಅರ್ಥಿಂಗ್. "ಗೇಟ್ ಬೋರ್ಡಲ್ಲಿ ನ್ಯೂಟ್ರಲ್ ಇರಲಿಲ್ಲ, ಅರ್ಥಿಂಗ್ ಕೊಟ್ಟ ಮೇಲೆ ಚೆನ್ನಾಗಿ ನಡೀತಿದೆ, ಮಳೆ ಬಂದಾಗ ಮಾತ್ರ ಆರ್‌ಸಿಸಿಬಿ ಬೀಳುತ್ತೆ" ಅಂತ ಬರೆದಿದ್ದೀರಿ. ಆರ್‌ಸಿಸಿಬಿ ಅಂದರೆ ಫೇಸಲ್ಲಿ ಹೋದ ಕರೆಂಟ್ ನ್ಯೂಟ್ರಲಲ್ಲಿ ವಾಪಸ್ ಬರದೆ ಲೀಕ್ ಆದರೆ ಲೈನ್ ಕತ್ತರಿಸುವ ಸ್ವಿಚ್. ಮೇಲಿನ ಕಮೆಂಟ್‌ಗಳಲ್ಲಿ ಇಬ್ಬರು ಅದು ವೀಕ್ ಆಗಿದೆ, ಬೈಪಾಸ್ ಮಾಡಿ ಅಂದಿದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಇಡೀ ಮನೆಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿರುವುದು ಅದೊಂದೇ.

ಮಳೆ ಬಂದಾಗ ಮಾತ್ರ ಯಾಕೆ ಬೀಳುತ್ತೆ ಅಂದರೆ, 30 ಮಿಲಿಆಂಪ್ಸ್‌ನ ಆರ್‌ಸಿಸಿಬಿ 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಟ್ರಿಪ್ ಆಗಬಹುದು. ಮಾಡ್ಯೂಲ್ ಸುಮ್ನೆ ಕೂತಿದ್ದರೂ ವೈಫೈಗೆ ಅಂತ ಕೆಲವು ಮಿಲಿಆಂಪ್ಸ್ ಎಳೆಯುತ್ತಲೇ ಇರುತ್ತದೆ. ನಿಮ್ಮಲ್ಲಿ ಅದು ವಾಪಸ್ ಹೋಗುತ್ತಿರುವುದು ಅರ್ಥಿಂಗ್ ಮೂಲಕ, ಅಂದರೆ ಆರ್‌ಸಿಸಿಬಿ ಲೆಕ್ಕದಲ್ಲಿ ಅದೆಲ್ಲ ಲೀಕೇಜ್. ನೀವು ಎರಡು ಮಾಡ್ಯೂಲ್ ಹಾಕಿದ್ದೀರಿ. ಅದರ ಮೇಲೆ ಗಾರ್ಡನ್ ಲೈಟಿನ ಜಾಯಿಂಟ್ ಒದ್ದೆಯಾದರೆ ಅದರ ಲೀಕೇಜೂ ಸೇರುತ್ತದೆ, ಬಿತ್ತು.

ನಮ್ಮ ಮನೆಗೂ ಕಾಂಪೌಂಡ್ ಲೈಟ್ ಹೊಸದಾಗಿ ಮಾಡಿಸಿದಾಗ ಹೀಗೇ ಜೋಡಿಸಿದ್ದೆವು. ಮೀಟರ್ ಇಟ್ಟು ನೋಡಿದರೆ ಫೇಸ್ ಮತ್ತು ಹಸಿರು ವೈರ್ ನಡುವೆ 230 ವೋಲ್ಟ್ ಬರುತ್ತಿತ್ತು, ಬಲ್ಬೂ ಉರಿಯಿತು. ನ್ಯೂಟ್ರಲ್ಲೇ ಅಂದುಕೊಂಡು ಮುಚ್ಚಿಬಿಟ್ಟೆವು. ಆಗ ನಮ್ಮಲ್ಲಿ ಆರ್‌ಸಿಸಿಬಿ ಇರಲಿಲ್ಲ, ಹಾಗಾಗಿ ಏನೂ ಗೊತ್ತಾಗಲಿಲ್ಲ. ಬೇಸಿಗೆಯಲ್ಲಿ ಮಾಡ್ಯೂಲ್‌ಗಳು ಒಂದೊಂದಾಗಿ ಆಫ್‌ಲೈನ್ ಆಗತೊಡಗಿದವು. ರೂಟರ್ ಪ್ರಾಬ್ಲಮ್ ಅಂತ ರೂಟರ್ ಜಾಗ ಬದಲಿಸಿದ್ದಾಯಿತು. ಒಂದು ದಿನ ಬೆಳಗ್ಗೆ ಅಮ್ಮ ಬಾಗಿಲಿಗೆ ನೀರು ಹಾಕಿ, ಒದ್ದೆ ಕಾಲಲ್ಲೇ ಗೇಟ್ ಮುಟ್ಟಿದರು. ಜುಮ್ ಅಂದಿತಂತೆ. ಟೆಸ್ಟರ್ ತಂದು ಗೇಟಿನ ಕಬ್ಬಿಣಕ್ಕೆ ಇಟ್ಟರೆ ಕೆಂಪಗೆ ಉರಿಯಿತು.

ಆಗಿದ್ದೇನು ಅಂದರೆ, ಅರ್ಥ್ ಗುಂಡಿಯಲ್ಲಿ ಪೈಪಿಗೆ ಹಾಕಿದ್ದ ಕ್ಲಾಂಪ್ ತುಕ್ಕು ತಿಂದು ವೈರ್ ಬಿಟ್ಟುಕೊಂಡಿತ್ತು. ಕರೆಂಟಿಗೆ ಹೋಗಲು ದಾರಿ ಇಲ್ಲ. ಫೇಸ್ ಮಾಡ್ಯೂಲ್ ಒಳಗಿಂದ ಹಾದು ಹಸಿರು ವೈರಿಗೆ ಬಂದು ಅಲ್ಲೇ ನಿಂತಿತ್ತು. ಆ ಹಸಿರು ವೈರ್ ಎಲ್ಲೆಲ್ಲಿಗೆ ಹೋಗುತ್ತದೆ? ಗೇಟಿನ ಕಮಾನಿನ ಲೈಟಿಗೆ, ಫ್ರಿಡ್ಜಿಗೆ, ಗೀಸರಿಗೆ, ವಾಷಿಂಗ್ ಮಷೀನಿಗೆ. ಎಲ್ಲದರ ಬಾಡಿಗೂ ಕರೆಂಟ್ ಬಂದಿತ್ತು. ಮಾಡ್ಯೂಲ್ ಒಳಗಿನ ಸರ್ಕ್ಯೂಟ್ ಅಡ್ಡ ಇದ್ದಿದ್ದಕ್ಕೆ ಜುಮ್ ಅನ್ನುವಷ್ಟಕ್ಕೇ ನಿಂತಿತು. ಆ ಮಾಡ್ಯೂಲ್ ಒಳಗೇ ಶಾರ್ಟ್ ಆಗಿದ್ದರೆ? ನಮ್ಮ ದಾವಣಗೆರೆ ಕಡೆ ಎರೆ ನೆಲ ಬೇಸಿಗೆಗೆ ಬಿರುಕು ಬಿಡುತ್ತೆ, ಚಿತ್ರದುರ್ಗದ ಕಡೆ ಬಂಡೆ. ಅರ್ಥಿಂಗ್ ಯಾವಾಗಲೂ ಸರಿ ಇರುತ್ತೆ ಅಂತ ನಂಬಿ ಕೂರುವ ಊರುಗಳಲ್ಲ ನಮ್ಮವು. ವರ್ಷಕ್ಕೊಮ್ಮೆ ಗುಂಡಿಯ ಮುಚ್ಚಳ ತೆಗೆದು ಕ್ಲಾಂಪ್ ನೋಡಿ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಆಗಾಗ ಒಂದೆರಡು ಕೊಡ ನೀರು ಹಾಕಿ.

ಈಗ ಪರಿಹಾರ. ಮಾಡ್ಯೂಲನ್ನು ಗೇಟ್ ಬೋರ್ಡಲ್ಲಿ ಇಡಲೇಬೇಡಿ, ವರಾಂಡಕ್ಕೆ ತನ್ನಿ. ನಿಮ್ಮ ಗೇಟ್ ಬೋರ್ಡಿಗೆ ಬಂದಿರುವುದು ಫೇಸ್ ಮತ್ತು ಸ್ವಿಚ್ ರಿಟರ್ನ್ (ಸ್ವಿಚ್‌ನಿಂದ ಲೈಟಿನ ಕಡೆ ವಾಪಸ್ ಹೋಗುವ ವೈರ್) ಮಾತ್ರ. ಅಂದರೆ ಲೈಟಿಗೆ ಹೋಗುವ ನ್ಯೂಟ್ರಲ್ ಬೇರೆ ಕಡೆಯಿಂದ, ಹೆಚ್ಚಾಗಿ ವರಾಂಡದ ಜಂಕ್ಷನ್ ಬಾಕ್ಸಿನಿಂದ ಹೋಗಿರುತ್ತದೆ. ಅಲ್ಲಿ ಫೇಸೂ ಇದೆ, ನ್ಯೂಟ್ರಲ್ಲೂ ಇದೆ, ಲೈಟಿಗೆ ಹೋಗುವ ವೈರೂ ಇದೆ. ಮಾಡ್ಯೂಲ್ ಅಲ್ಲಿ ಕೂರಿಸಿದರೆ ಹೊಸ ವೈರ್ ಎಳೆಯುವ ಕೆಲಸವೇ ಇಲ್ಲ. ಮಳೆ ಬೀಳಲ್ಲ, ಬಿಸಿಲು ಬೀಳಲ್ಲ, ವೈಫೈ ಕೂಡ ಚೆನ್ನಾಗಿ ಸಿಗುತ್ತೆ. ನಾನು ಕೊನೆಗೆ ಮಾಡಿದ್ದು ಇದನ್ನೇ, ಇವತ್ತಿನವರೆಗೂ ತೊಂದರೆ ಇಲ್ಲ.

ಗೇಟ್ ಸ್ವಿಚ್ಚೂ ಬೇಕು ಅಂದರೆ, ಖಾಲಿಯಾದ ಆ ಎರಡು ವೈರನ್ನು ಮಾಡ್ಯೂಲ್‌ನ ಎಸ್1, ಎಸ್2ಗೆ (ಗೋಡೆಯ ಸ್ವಿಚ್ ಜೋಡಿಸುವ ಟರ್ಮಿನಲ್‌ಗಳಿಗೆ) ಕೊಡಬಹುದು. ಆದರೆ ಫೇಸಿಗೆ ಸೇರಿದ್ದ ತುದಿಯನ್ನು ಪೂರ್ತಿ ಬಿಚ್ಚಿ, ಮೀಟರಲ್ಲಿ ನೋಡಿಯೇ ಕೊಡಿ. ಸೋನಾಫ್ ಮಿನಿ ಮಾಡ್ಯೂಲ್‌ನ ಎಸ್1ಗೆ ಫೇಸ್ ಮುಟ್ಟಿದರೆ ಮಾಡ್ಯೂಲ್ ಹೋಯಿತು ಅಂತಲೇ. ಆ ಟರ್ಮಿನಲ್‌ಗಳು ಸಣ್ಣ ವೋಲ್ಟೇಜ್ ಅಂತ ಬರಿಗೈಯಲ್ಲಿ ಮುಟ್ಟಲೂಬೇಡಿ, ಒಳಗೆ ಅವು ಮೇನ್ಸ್‌ಗೆ ಅಂಟಿಕೊಂಡೇ ಇರುತ್ತವೆ. ಗೇಟಲ್ಲಿ ಕಾಲಿಂಗ್ ಬೆಲ್ ಇದ್ದರೆ ಅದೇ ಫೇಸನ್ನು ಅದೂ ತಗೊಂಡಿರುತ್ತೆ, ಆಗ ಈ ಉಪಾಯ ನಡೆಯಲ್ಲ. ಗೇಟ್ ತುಂಬಾ ದೂರ ಇದ್ದರೂ ಬೇಡ. ಒಂದೇ ಪೈಪಲ್ಲಿ ಪಕ್ಕದ ವೈರಿನ ಇಂಡಕ್ಷನ್ ಸೇರಿ ರಾತ್ರಿ ಹೊತ್ತು ಲೈಟ್ ತಾನೇ ಆನ್ ಆಗುತ್ತೆ. ಅಂಥ ಕಡೆ ಶೆಲ್ಲಿ ಕಂಪನಿಯ ಮಾಡ್ಯೂಲ್ ವಾಸಿ, ಅದರ ಸ್ವಿಚ್ ಇನ್‌ಪುಟ್ ಮೇನ್ಸ್ ಫೇಸಿನಿಂದಲೇ ಕೆಲಸ ಮಾಡುತ್ತೆ. ದುಡ್ಡು ಜಾಸ್ತಿ, ಆದರೆ ಹೊರಗಿನ ಲೈನಿಗೆ ನನ್ನ ಓಟು ಅದಕ್ಕೇ. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುವ, ಹೆಸರೇ ಇಲ್ಲದ ಮಾಡ್ಯೂಲ್‌ಗಳ ಮೇಲೆ 16 ಆಂಪ್ಸ್ ಅಂತ ಅಚ್ಚಾಗಿದ್ದರೂ ಒಳಗಿನ ರಿಲೇ (ಲೈಟನ್ನು ಆನ್-ಆಫ್ ಮಾಡುವ ಭಾಗ) ಮೇಲೆ 10 ಅಂತ ಇರುವುದನ್ನು ಬಿಚ್ಚಿ ನೋಡಿದ್ದೇನೆ. ಹೊರಗಡೆಗೆ ಅವು ಬೇಡ.

ನ್ಯೂಟ್ರಲ್ ತಗೊಳ್ಳುವಾಗ ಇನ್ನೊಂದು. ಪಕ್ಕದ ಪ್ಲಗ್ ಪಾಯಿಂಟಲ್ಲಿ ಕಪ್ಪು ವೈರ್ ಕಂಡಿತು ಅಂತ ಎಳೆದುಕೊಳ್ಳಬೇಡಿ. ಗೇಟ್ ಲೈಟಿನ ಫೇಸ್ ಇನ್ವರ್ಟರ್ ಲೈನಿನದು, ನೀವು ತಗೊಂಡ ನ್ಯೂಟ್ರಲ್ ಆರ್‌ಸಿಸಿಬಿ ದಾಟಿ ಬಂದ ಮೇನ್ಸ್ ಲೈನಿನದು ಆದರೆ ಮತ್ತೆ ಟ್ರಿಪ್ಪೇ. ಆಗ ಮಳೆಯೂ ಬೇಕಿಲ್ಲ. ಯಾವ ಸರ್ಕ್ಯೂಟಿನ ಫೇಸೋ ಅದೇ ಸರ್ಕ್ಯೂಟಿನ ನ್ಯೂಟ್ರಲ್. ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್ ಇದೆಯಲ್ಲಾ ಅಂತ ಒಬ್ಬರು ಕೇಳಿದ್ದಾರೆ. ಇದೆ, ಆದರೆ 5 ವ್ಯಾಟ್ ಎಲ್‌ಇಡಿಗೆ ಅದನ್ನು ಹಾಕಿದರೆ ಆಫ್ ಮಾಡಿದರೂ ಮಿಣುಕು ಮಿಣುಕು ಅನ್ನುತ್ತಿರುತ್ತೆ, ಲೈಟ್ ಹತ್ತಿರ ಕೆಪಾಸಿಟರ್ ಕೂರಿಸಬೇಕಾಗುತ್ತೆ.

ಅಡಿಕೆ ಒಣಗಿಸುವ ಕಣಕ್ಕೆ ನಾಲ್ಕೈದು ಫ್ಲಡ್ ಲೈಟನ್ನು ಒಂದೇ ಮಾಡ್ಯೂಲಿಗೆ ಹಾಕ್ತೀನಿ ಅಂದ ಚನ್ನಗಿರಿಯ ಅಣ್ಣ, ನಿಮ್ಮ ವ್ಯಾಟ್ ಲೆಕ್ಕ ಸರಿ ಇದೆ, ಆದರೆ ಆನ್ ಆಗುವ ಕ್ಷಣ ಎಲ್‌ಇಡಿ ಡ್ರೈವರ್‌ಗಳೆಲ್ಲ ಒಟ್ಟಿಗೆ ಜಗ್ಗುತ್ತವೆ. ರಿಲೇ ಕಾಂಟ್ಯಾಕ್ಟ್ ಅಂಟಿಕೊಂಡು ಲೈಟ್ ಆಫೇ ಆಗಲ್ಲ. ಮಾಡ್ಯೂಲಿನಿಂದ ಕಾಂಟ್ಯಾಕ್ಟರ್ (ದೊಡ್ಡ ಲೋಡ್ ಹೊರುವ ದಪ್ಪ ರಿಲೇ) ಕಾಯಿಲ್‌ಗೆ ಕೊಡಿ, ಲೈಟುಗಳ ಲೋಡನ್ನು ಕಾಂಟ್ಯಾಕ್ಟರ್ ಹೊರಲಿ. ಬೋರ್‌ವೆಲ್ ಮೋಟರ್ ಬಗ್ಗೆಯೂ ಕೇಳಿದ್ದೀರಿ. ಅದನ್ನು ನೇರ ಈ ಮಾಡ್ಯೂಲಿಗೆ ಯಾವ ಕಾರಣಕ್ಕೂ ಕೊಡಬೇಡಿ.

ಹೊರಗಿನ ಜಾಯಿಂಟ್‌ಗಳಿಗೆ ಟೇಪ್ ಸುತ್ತಿ ಬಿಡುವ ಅಭ್ಯಾಸ ನಿಲ್ಲಿಸಿ. ಐಪಿ65 ಬಾಕ್ಸ್ (ಧೂಳು, ನೀರು ಒಳಗೆ ಹೋಗದ್ದು), ಗ್ಲ್ಯಾಂಡ್ (ವೈರ್ ಸುತ್ತ ಬಿಗಿಯಾಗಿ ಕೂರುವ ಬಿರಡೆ) ಹಾಕಿ ಕೆಳಗಿನಿಂದ ವೈರ್ ಒಳಗೆ ಬಿಡಿ. ಮೇಲಿನಿಂದ ಬಿಟ್ಟರೆ ವೈರಿನ ಜೊತೆ ನೀರೂ ಇಳಿಯುತ್ತದೆ.

ಟೈಮರನ್ನು 6:30ಕ್ಕೆ ಅಂತ ಇಡಬೇಡಿ. ನಮ್ಮಲ್ಲಿ ನವೆಂಬರಲ್ಲಿ 6ಕ್ಕೇ ಸೂರ್ಯ ಮುಳುಗುತ್ತಾನೆ, ಜುಲೈಯಲ್ಲಿ ಹತ್ತಿರ ಹತ್ತಿರ 7. ಆ್ಯಪ್‌ನಲ್ಲಿ ಸನ್‌ಸೆಟ್ ಆಯ್ಕೆ ಮಾಡಿ, ವರ್ಷಪೂರ್ತಿ ಮತ್ತೆ ಮುಟ್ಟಬೇಕಿಲ್ಲ. ಕರೆಂಟ್ ಹೋಗಿ ಬಂದಾಗ ಇಂಟರ್ನೆಟ್ ಇಲ್ಲದಿದ್ದರೆ ಮಾಡ್ಯೂಲ್‌ಗೆ ಟೈಮೇ ಗೊತ್ತಾಗಲ್ಲ, ಅದಕ್ಕೆ ರೂಟರನ್ನು ಇನ್ವರ್ಟರ್ ಲೈನಿಗೆ ಹಾಕಿ. ಭದ್ರಾ ನಾಲೆ ನೀರು ಬಿಟ್ಟು ಭತ್ತದ ಗದ್ದೆ ಶುರುವಾದಾಗ ಹುಳದ ಕಾಟ ಅಂತಲೂ ಬರೆದಿದ್ದಿರಲ್ಲ ವಿದ್ಯಾನಗರದ ಸರ್, 6500 ಕೆ ಬಿಳಿ ಬಲ್ಬ್ ತೆಗೆದು 3000 ಕೆ ಹಳದಿ ಬೆಳಕಿನದು ಹಾಕಿ, ಹುಳ ಕಡಿಮೆ ಬರುತ್ತವೆ. ವರಾಂಡದ ಜಂಕ್ಷನ್ ಬಾಕ್ಸ್ ಬಿಚ್ಚಿದ ಮೇಲೆ, ಯಾವ ವೈರೂ ಕೀಳುವ ಮೊದಲು ಒಂದು ಫೋಟೋ ಇಲ್ಲಿ ಹಾಕಿ. ಯಾವುದು ರಿಟರ್ನ್ ಅಂತ ನೋಡಿ ಹೇಳ್ತೀನಿ.